ನನ್ನ ಬೂಟಿನಲ್ಲಿ ಅವಳು ಇಳಿದ ಹದಿಮೂರು ಮೆಟ್ಟಿಲು

ನನ್ನ ಹೆಂಡತಿಗೆ ಸಿನಿಮಾ ನೋಡಲು ಬರುವುದಿಲ್ಲ. ನಲವತ್ತೈದು ವರ್ಷ ಸಂಸಾರ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ಪರದೆಯ ಮೇಲೆ ಯಾರೋ ಸಾಯುತ್ತಿರುತ್ತಾರೆ, ಅಕ್ಕಪಕ್ಕದವರೆಲ್ಲ ಮೂಗು ಒರೆಸಿಕೊಳ್ಳುತ್ತಿರುತ್ತಾರೆ, ಇವಳು ಮಾತ್ರ ಕಣ್ಣು ಮುಚ್ಚಿ ಕುಳಿತು, "ರೀ, ಆ ಗೇಟು ಗೇಟಲ್ಲ, ಹಳೇ ಟ್ರಂಕಿನ ಮುಚ್ಚಳ" ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾಳೆ. ಇನ್ನೊಂದು ಚಾಳಿ ಇದೆ. ಕಥೆ ಮುಗಿದು ಕೆಲಸ ಮಾಡಿದವರ ಹೆಸರುಗಳು ಬರತೊಡಗಿದವೋ, ಎದ್ದುಬಿಡುತ್ತಾಳೆ. ಥಿಯೇಟರಿನಲ್ಲಾದರೆ "ಬಸ್ಸು ತಪ್ಪಿಹೋಗುತ್ತೆ", ಮನೆಯಲ್ಲಾದರೆ "ಒಲೆ ಮೇಲೆ ಏನೋ ಇಟ್ಟಿದ್ದೀನಿ". ನಾನು ಎಷ್ಟೋ ಸಲ ಹಿಂದೆಯೇ ಹೋಗಿ ನೋಡಿದ್ದೇನೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಒಲೆ ಹಚ್ಚಿಯೂ ಇರುವುದಿಲ್ಲ.

ಇಪ್ಪತ್ತಾರು ವರ್ಷ ಅವಳು ಸಿನಿಮಾಗಳಿಗೆ ಸದ್ದು ಮಾಡಿದಳು. ಆ ಕೆಲಸಕ್ಕೆ ಸ್ಟುಡಿಯೋದಲ್ಲಿ ಎಫೆಕ್ಟ್ಸ್ ಎನ್ನುತ್ತಾರೆ. ಚಿತ್ರೀಕರಣದ ಸಮಯದಲ್ಲಿ ನಟರ ಮಾತಿಗಷ್ಟೇ ಬೆಲೆ. ಅವರು ನಡೆದದ್ದು, ಕುಳಿತದ್ದು, ಲೋಟ ಇಟ್ಟದ್ದು ಯಾವುದೂ ಸರಿಯಾಗಿ ಕೇಳುವುದಿಲ್ಲ. ಆಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಚಿತ್ರವನ್ನು ಓಡಿಸುತ್ತಾ, ಅದಕ್ಕೆ ಸರಿಯಾಗಿ ಯಾರಾದರೂ ಮೈಕಿನ ಮುಂದೆ ನಡೆಯಬೇಕು, ಕೂರಬೇಕು, ಲೋಟ ಇಡಬೇಕು. ಆ ಯಾರೋ ಒಬ್ಬರು ನನ್ನ ಹೆಂಡತಿ. ನಾಯಕ ಬೆಂಕಿಗೆ ಹಾರಿದರೆ ಇವಳು ಎಣ್ಣೆಕಾಗದ ಹಿಸುಕುತ್ತಿದ್ದಳು. ಖಳನ ಕೈಮೂಳೆ ಮುರಿದರೆ ಒಂದು ಮೂಲಂಗಿ ಹೋಗುತ್ತಿತ್ತು. ಹೆಗಲಿಗೆ ಬಗೆಬಗೆಯ ಚಪ್ಪಲಿ, ಬೂಟುಗಳ ಗೋಣಿಚೀಲ ಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಇವಳಿಗೆ ಸ್ಟುಡಿಯೋದ ಕಾವಲುಗಾರ ಇಟ್ಟ ಹೆಸರು ಸದ್ದಮ್ಮ. ನಿಜ ಹೆಸರು ಯಾವ ಸಿನಿಮಾದಲ್ಲೂ ಬರಲಿಲ್ಲ. ನಾಯಕನ ಕೂದಲು ಬಾಚಿದವನ ಹೆಸರು ಬಂತು, ಊಟ ತಂದುಕೊಟ್ಟವನ ಹೆಸರು ಬಂತು, ಇವಳದು ಬರಲಿಲ್ಲ. "ಸದ್ದಿಗೆಲ್ಲ ಯಾರಾದರೂ ಹೆಸರು ಹಾಕ್ತಾರಾ?" ಎಂದು ಇವಳೇ ಅವರ ಪರ ವಾದ ಮಾಡುತ್ತಿದ್ದಳು.

ನಾನು ಗಡಿಯಾರ ರಿಪೇರಿ ಮಾಡುವವನು. ಅವಳದು ಸದ್ದು ಮಾಡುವ ಕೆಲಸ, ನನ್ನದು ಸದ್ದು ಕೇಳುವ ಕೆಲಸ. ಮನೆಯಲ್ಲೂ ಅದೇ ಏರ್ಪಾಡು.

ಈಗ ಆ ಸಿನಿಮಾದ ವಿಷಯಕ್ಕೆ ಬರುತ್ತೇನೆ. 'ಆ ಸಿನಿಮಾ' ಎಂದರೆ ನಮ್ಮ ಮನೆಯಲ್ಲಿ ಒಂದೇ. ಬಂದು ನಲವತ್ತೆರಡು ವರ್ಷವಾಯಿತು. ಅದನ್ನು ನೋಡಿ ಸಿನಿಮಾಕ್ಕೆ ಸೇರಿದವರು ಎಷ್ಟೋ ಜನ. ಅದರ ಕೊನೆಯಲ್ಲಿ ಒಂದು ನಿಮಿಷದ ದೃಶ್ಯವಿದೆ. ಹೊರಗೆ ಮಳೆ. ಯಾರೋ ಬಾಗಿಲು ಬಡಿಯುತ್ತಾರೆ. ಗಂಡ ಇನ್ನಿಲ್ಲ ಎಂಬ ಸುದ್ದಿ ಬಾಗಿಲಾಚೆ ನಿಂತಿದೆ ಎಂದು ನಾಯಕಿಗೆ ಗೊತ್ತು. ಮಹಡಿಯಿಂದ ಹದಿಮೂರು ಮೆಟ್ಟಿಲು ಇಳಿದು ಬರುತ್ತಾಳೆ. ಆದರೆ ಕ್ಯಾಮೆರಾ ಅವಳನ್ನು ತೋರಿಸುವುದಿಲ್ಲ. ಗೋಡೆಯ ಮೇಲೆ ದೀಪ, ಅದರ ಪಕ್ಕ ಇಳಿಯುವ ನೆರಳು, ಅಷ್ಟೇ. ಸಂಗೀತವಿಲ್ಲ, ಮಾತಿಲ್ಲ. ಇರುವುದೆಲ್ಲ ಹೆಜ್ಜೆಯ ಸದ್ದು.

ಅಂದರೆ ಇರುವುದೆಲ್ಲ ನನ್ನ ಹೆಂಡತಿ. ಅಷ್ಟೇ ಅಲ್ಲ, ನನ್ನ ಬೂಟು! ಆ ದಿನ ಚೀಲದಲ್ಲಿದ್ದ ಒಂದು ಜೊತೆಯೂ ಅವಳ ಕಾಲಿಗೆ ಹಿಡಿಸಲಿಲ್ಲವೆಂದು, ನಾನು ಮದುವೆಗೆ ಹೊಲಿಸಿಕೊಂಡು ಎರಡೇ ಸಲ ಹಾಕಿದ್ದ, ಹಿಮ್ಮಡಿಗೆ ಲಾಳ ಹೊಡೆಸಿದ್ದ ಬೂಟನ್ನು ಎತ್ತಿಕೊಂಡು ಹೋಗಿದ್ದಳು. ವಾಪಸು ಬಂದಾಗ ಅದರ ಹೊಳಪು ಹೋಗಿತ್ತು. ನಾನು ಎರಡು ದಿನ ಮಾತು ಬಿಟ್ಟಿದ್ದೆ. ಸಿನಿಮಾ ಬಿಡುಗಡೆಯಾದ ಮೇಲೆ ಪತ್ರಿಕೆಯಲ್ಲಿ ಒಬ್ಬರು ಬರೆದರು: "ನಾಯಕಿ ಕಾಣಿಸದೆಯೂ ಅಭಿನಯಿಸಿದ್ದಾರೆ. ಆ ನಡಿಗೆಯಲ್ಲಿ ಒಂದು ಇಡೀ ಬದುಕಿನ ಭಾರವಿದೆ." ನನಗೆ ಮೈಯೆಲ್ಲ ಉರಿದುಹೋಯಿತು. ನಾಯಕಿಯಂತೆ! ಆ ಸದ್ದು ಮಾಡಿದ ಹೊತ್ತಿಗೆ ಆಕೆ ಬೇರೆ ಸಿನಿಮಾಕ್ಕಾಗಿ ಯಾವುದೋ ಸಮುದ್ರದಂಡೆಯಲ್ಲಿ ಕುಣಿಯುತ್ತಿದ್ದಳು. ಇವಳು ಆ ಪತ್ರಿಕೆಯನ್ನು ಕಪಾಟಿನ ಗೂಡಿಗೆ ಹಾಸಿ ಅದರ ಮೇಲೆ ಡಬ್ಬಗಳನ್ನು ಜೋಡಿಸಿದಳು. ಗೂಡಿನ ಕಾಗದ ಎಷ್ಟೋ ಸಲ ಬದಲಾಯಿತು. ಆ ಹಾಳೆ ಮಾತ್ರ ಇವತ್ತಿಗೂ ತಳದಲ್ಲಿದೆ. ನನಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಮೂವತ್ತರ ಆಸುಪಾಸಿನ ಹುಡುಗಿಯೊಬ್ಬಳು ನನ್ನ ಅಂಗಡಿಗೆ ಬಂದಳು. ಗಡಿಯಾರ ರಿಪೇರಿಗೆ ಬಂದವಳೆಂದುಕೊಂಡು ಕೈ ಚಾಚಿದೆ. "ಸದ್ದಮ್ಮ ಅಂತಾರಲ್ಲ, ಅವರ ಮನೆಯವರು ನೀವೇನಾ?" ಎಂದಳು. ಟಿವಿ ಧಾರಾವಾಹಿಯೊಂದರ ನಿರ್ದೇಶಕಿ. ಹಳೆಯ ಸ್ಟುಡಿಯೋದ ಕಾವಲುಗಾರನನ್ನು ಹಿಡಿದು, ಅವನಿಂದ ವಿಳಾಸ ಪಡೆದು ಬಂದಿದ್ದಳು. ನಾನು ಅಂಗಡಿಯ ಬಾಗಿಲೆಳೆದು ಅವಳನ್ನು ಮನೆಗೆ ಕರೆದುಕೊಂಡು ಹೋದೆ.

"ನಾನು ಈ ಕೆಲಸಕ್ಕೆ ಬಂದಿದ್ದೇ ಆ ಸಿನಿಮಾ ನೋಡಿ," ಎಂದಳು ನಿರ್ದೇಶಕಿ, ನಮ್ಮ ಕುರ್ಚಿಯ ತುದಿಯಲ್ಲಿ ಕುಳಿತು. "ನಮ್ಮ ಧಾರಾವಾಹಿ ಕಥೆ ಬೇರೆ. ಆದರೆ ಎಂಟನೇ ಕಂತಲ್ಲಿ ನಮ್ಮ ನಾಯಕಿನೂ ಹದಿಮೂರು ಮೆಟ್ಟಿಲು ಇಳೀತಾಳೆ. ಅದೇ ಥರ ದೀಪ, ಅದೇ ಥರ ನೆರಳು, ಅದೇ ಒಂದು ನಿಮಿಷ. ಗೊತ್ತಿದ್ದವರಿಗೆ ಗೊತ್ತಾಗುತ್ತೆ. ಅದು ಆ ಸಿನಿಮಾಕ್ಕೆ ನಾವು ಮಾಡೋ ನಮಸ್ಕಾರ. ಹೆಜ್ಜೆಗಳೂ ಅವೇ ಇರಬೇಕು ಅಂತ ನನ್ನ ಆಸೆ. ಹಳೇ ಸದ್ದನ್ನ ತಗೊಳ್ಳೋಣ ಅಂದ್ರೆ ಅದರ ಜೊತೆ ಮಳೆ ಕಲಸಿಹೋಗಿದೆ, ಬಿಡಿಸೋಕೆ ಆಗ್ತಿಲ್ಲ. ನೀವೇ ಬಂದು ಇನ್ನೊಂದು ಸಲ ಇಳೀಬೇಕು."

"ನನ್ನ ಮಂಡಿ ನೋಡಿದ್ದೀಯೇನಮ್ಮಾ? ಬಚ್ಚಲಿಗೆ ಹೋಗೋದಕ್ಕೇ ಗೋಡೆ ಹಿಡೀತೀನಿ," ಎಂದಳು ನನ್ನ ಹೆಂಡತಿ.

"ನಿಮ್ಮ ಹೆಸರು ಹಾಕ್ತೀವಿ."

ಇವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ಎಷ್ಟು ಹೊತ್ತಿಗೆ ಬರಬೇಕು?" ಎಂದಳು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿ ಅಟ್ಟ ಹತ್ತಿ ಬೂಟು ಹುಡುಕತೊಡಗಿದೆ.

ಸ್ಟುಡಿಯೋದಲ್ಲಿ ನಮ್ಮನ್ನು ಎದುರುಗೊಂಡವನು ಸೌಂಡ್ ನೋಡಿಕೊಳ್ಳುವ ಗಡ್ಡದ ಯುವಕ. ಬಹಳ ಮರ್ಯಾದಸ್ಥ. ಹೆಮ್ಮೆಯಿಂದ ಬಾಗಿಲು ತೆರೆದು ತೋರಿಸಿದ. ಒಳಗೆ ಮರದ ಹದಿಮೂರು ಮೆಟ್ಟಿಲುಗಳನ್ನೇ ಕಟ್ಟಿಸಿ ನಿಲ್ಲಿಸಿದ್ದ. ನನ್ನ ಹೆಂಡತಿ ಒಂದು ಕ್ಷಣ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

"ಅಯ್ಯೋ ಮಗನೇ, ಮೆಟ್ಟಿಲಿನ ಸದ್ದು ಬೇಕು ಅಂದ್ರೆ ಮೆಟ್ಟಿಲು ಇಳೀಬಾರದು ಕಣೋ. ಮೈಕು ಇಲ್ಲಿ, ಕಾಲು ಅಲ್ಲಿ. ಒಂದೊಂದು ಮೆಟ್ಟಿಲಿಗೂ ಸದ್ದು ಹತ್ತಿರ ಬರ್ತಾ ಹೋಗುತ್ತೆ, ಮರ ಬೇರೆ ಕಿರುಗುಟ್ಟುತ್ತೆ. ಒಂದು ಹಲಗೆ ತಗೊಂಡು ಬಾ."

ಸಪಾಟು ನೆಲದ ಮೇಲೆ ಹಲಗೆ ಹಾಸಿಸಿ, ನಿಂತಲ್ಲೇ ಮೆಟ್ಟಿಲಿಳಿದು ತೋರಿಸಿದಳು. ಇಳಿಯುವಾಗ ಹೇಗೆ ಪಾದದ ಮುಂಭಾಗ ಮೊದಲು ತಾಗಿ ಆಮೇಲೆ ಮೈಭಾರ ಬೀಳುತ್ತದೋ ಹಾಗೆಯೇ. ಗಡ್ಡದವನು ಕಣ್ಣರಳಿಸಿ ನೋಡಿದ. ನಾನು ಮೂಲೆಯ ಸ್ಟೂಲಿನಲ್ಲಿ ಕುಳಿತು ಕಾಲಮೇಲೆ ಕಾಲು ಹಾಕಿಕೊಂಡೆ.

ಆಮೇಲೆ ಅವನು ಹಳೆಯ ಸದ್ದನ್ನೂ ಹೊಸ ಸದ್ದನ್ನೂ ಒಂದರ ಹಿಂದೊಂದು ಕೇಳಿಸಿದ. ನಾನು ಕಾಲು ಕೆಳಗಿಳಿಸಿದೆ. ಎರಡೂ ಒಂದೇ ಅಲ್ಲವೆಂದು ಯಾರು ಬೇಕಾದರೂ ಹೇಳಬಹುದಿತ್ತು. ಹಳೆಯದರಲ್ಲಿ ಪ್ರತಿ ಹೆಜ್ಜೆಯೂ ಹಿಮ್ಮಡಿಯಿಂದ ಇಳಿದು, ನೆಲವನ್ನು ಒತ್ತಿ ಹಿಡಿದು, ಕೊಂಚ ತಡೆದು ಮುಂದೆ ಹೋಗುತ್ತಿತ್ತು. ಹೊಸದು ಬರೀ ನಡಿಗೆ. ಅವಳು ಮತ್ತೆ ಮಾಡಿದಳು. ನನ್ನ ಬೂಟಿನ ಲಾಡಿ ಬಿಗಿದು ಮಾಡಿದಳು, ಸಡಿಲಿಸಿ ಮಾಡಿದಳು. ಹಲಗೆ ಬದಲಾಯಿಸಿದರು. ಮೈಕು ಸರಿಸಿದರು. ಸಂಜೆಯಾಗುವ ಹೊತ್ತಿಗೆ ಅವಳ ಮಂಡಿ ಊದಿತ್ತು.

ಗಡ್ಡದವನು ಬಹಳ ಸಂಕೋಚದಿಂದಲೇ ಕೇಳಿದ. "ಅಮ್ಮಾ, ತಪ್ಪು ತಿಳ್ಕೋಬೇಡಿ. ಅದನ್ನ ಮಾಡಿದ್ದು ನೀವೇ ಅಂತ ನಿಮಗೆ ಖಾತ್ರಿ ಇದೆಯಾ?"

ಆ ಮಾತಿಗೆ ನನಗೆ ಬಂದ ಸಿಟ್ಟಿನಲ್ಲಿ ಸ್ಟೂಲು ಉರುಳಿತು. "ಏನಯ್ಯಾ ಮಾತು ಅದು! ಬೂಟು ನನ್ನದು, ಹೆಂಡತಿ ನನ್ನವಳು!" ಎಂದು ಕೂಗಿದೆ. ಅವನು ಪೆಚ್ಚಾಗಿ ಕೈ ಮುಗಿದ. ನಿರ್ದೇಶಕಿ ನನ್ನನ್ನು ಸಮಾಧಾನಪಡಿಸಿ, ಶುಕ್ರವಾರ ಇನ್ನೊಂದು ಸಲ ನೋಡೋಣ, ಅವತ್ತೂ ಆಗದಿದ್ದರೆ ಕಂಪ್ಯೂಟರಿನಲ್ಲಿರುವ ಸಿದ್ಧ ಹೆಜ್ಜೆಗಳನ್ನೇ ಹಾಕಬೇಕಾಗುತ್ತದೆ, ಬೇರೆ ದಾರಿಯಿಲ್ಲ ಎಂದಳು. ಹೆಸರಿನ ಮಾತು ಎತ್ತಲಿಲ್ಲ.

ನನ್ನ ಹೆಂಡತಿ ಮನೆಗೆ ಬಂದು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡ ಮೇಲೆ ಹೇಳಿದಳು. "ರೀ, ಒಂದು ವೇಳೆ ಅದು ನಾನಲ್ಲದೇ ಇದ್ರೆ?"

"ನಿನಗೇನು ತಲೆ ಕೆಟ್ಟಿದೆಯಾ?"

"ಹಾಗಲ್ಲ. ಅದಾದ ಮೇಲೆ ನಾನು ಮೂರು ತಿಂಗಳು ರಜೆ ಹಾಕಿದ್ದೆ. ನಾನು ಮಾಡಿದ್ದು ಸೌಂಡ್ ಇಂಜಿನಿಯರಿಗೆ ಸರಿಬರದೆ ಬೇರೆ ಯಾರ ಕೈಲೋ ಮಾಡಿಸಿರಬಹುದು. ಆಗಾಗ ಹಾಗೆ ಮಾಡ್ತಿದ್ರು, ನಮಗೆ ಹೇಳ್ತಿರಲಿಲ್ಲ. ನನ್ನ ಕಿವಿಗೇ ಅದು ನನ್ನ ಕಾಲು ಅನ್ನಿಸ್ತಿಲ್ಲ ರೀ."

ಹೆಸರು ಬರದಿದ್ದರೆ ಹೋಗಲಿ, ಅದಕ್ಕೆ ನಾವು ಒಗ್ಗಿಹೋಗಿದ್ದೆವು. ಆದರೆ ನಲವತ್ತೆರಡು ವರ್ಷ 'ಅದು ನಾನು' ಎಂದು ಮನಸ್ಸಿನಲ್ಲೇ ಇಟ್ಟುಕೊಂಡು ಬಂದದ್ದನ್ನು ಅವಳಿಂದ ಕಸಿದುಕೊಂಡರೆ ಆ ಕಪಾಟಿನ ಹಾಳೆಯ ಗತಿಯೇನು? ಅವತ್ತು ಅವಳನ್ನು ಕಂಡು ನನಗೆ ಅಳು ಬಂತು. ಗಡಿಯಾರ ಬಿಚ್ಚುವ ನೆಪದಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತೆ.

ಮುಂದಿನ ಮೂರು ದಿನ ನಮ್ಮ ಮನೆಯ ಓಣಿಯಂಥ ನಡುಕೋಣೆಯಲ್ಲಿ ಬೂಟಿನ ಸದ್ದೋ ಸದ್ದು. ಕೆಳಗಿನ ಮನೆಯವರು ಬಂದು ಮೇಲೆ ಪೊಲೀಸರ ಪೆರೇಡು ಇದೆಯೇ ಎಂದು ವಿಚಾರಿಸಿಕೊಂಡು ಹೋದರು. ನಾನು ಸ್ಟಾಪ್‌ವಾಚ್ ಹಿಡಿದು ಹೆಜ್ಜೆಗಳ ನಡುವಿನ ಹೊತ್ತು ಅಳೆದೆ. ಅಳತೆ ಕೂಡಿತು, ಸದ್ದು ಕೂಡಲಿಲ್ಲ.

ಗುರುವಾರ ನಮ್ಮ ಮಗಳು ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಊರಿನ ಕಾಲುಭಾಗ ಮಕ್ಕಳನ್ನು ತಾನೇ ಹೊರಗೆಳೆದದ್ದೆಂದು ಹೇಳಿಕೊಳ್ಳುತ್ತಾಳೆ. ಬಂದವಳೇ ತಾಯಿಯ ಮಂಡಿ ನೋಡಿ ಇಬ್ಬರಿಗೂ ಸರಿಯಾಗಿ ಬೈದಳು. ಬೈದು ಮುಗಿಸಿ ಒಳಗಿನ ಕೋಣೆಗೆ ಹೋಗಿ ಒಣಗಿದ ಬಟ್ಟೆ ಮಡಚತೊಡಗಿದಳು. ಇತ್ತ ನಾನು, ಗಡ್ಡದವನು ನನ್ನ ಫೋನಿಗೆ ಹಾಕಿಕೊಟ್ಟಿದ್ದ ಹಳೆಯ ಸದ್ದನ್ನು ಜೋರಾಗಿ ಹಚ್ಚಿದೆ. ಚಿತ್ರವಿಲ್ಲ, ಮಳೆ ಮತ್ತು ಹೆಜ್ಜೆ ಮಾತ್ರ. ಆರನೇ ಹೆಜ್ಜೆಗೋ ಏಳನೆಯದಕ್ಕೋ ಮಗಳು ಕೈಯಲ್ಲಿ ಟವೆಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಯಾರಮ್ಮ ಬಂದಿರೋದು? ದಿನ ತುಂಬಿರೋ ಹೆಂಗಸನ್ನ ಯಾಕೆ ನಿಲ್ಲಿಸಿ ಮಾತಾಡಿಸ್ತಿದ್ದೀರಾ, ಮೊದಲು ಕೂರಿಸಿ!"

ನಾವಿಬ್ಬರೂ ಅವಳ ಮುಖ ನೋಡಿದೆವು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ಯಾರೂ ಇಲ್ಲ ಕಣೇ. ಫೋನು," ಎಂದೆ.

"ಸುಳ್ಳು ಹೇಳಬೇಡಪ್ಪ. ಒಂಬತ್ತು ತಿಂಗಳಿನ ಬಸುರಿ ನಡೀತಿರೋ ಸದ್ದು. ನಮ್ಮ ವಾರ್ಡಿನ ಕಾರಿಡಾರಿನಲ್ಲಿ ದಿನಾ ಕೇಳ್ತೀನಿ, ನನಗೆ ಗೊತ್ತಾಗಲ್ವಾ? ಬೆನ್ನು ಹಿಂದಕ್ಕೆ ಹಾಕಿ, ಹಿಮ್ಮಡಿ ಊರಿ, ಕಾಲು ಅಗಲಿಸಿಕೊಂಡು..." ಎಂದವಳು ಫೋನು ನೋಡಿ ಮಾತು ನಿಲ್ಲಿಸಿದಳು. "ಇದು ಆ ಸಿನಿಮಾದ್ದಲ್ವಾ?"

ನನ್ನ ಹೆಂಡತಿ ಮೆಲ್ಲನೆ ಕುರ್ಚಿಯಲ್ಲಿ ಕುಳಿತಳು. ಅವಳ ಎರಡೂ ಕೈ ತಾವಾಗಿಯೇ ಹೊಟ್ಟೆಯ ಮೇಲೆ ಹೋದವು. "ನೀನು ಹುಟ್ಟೋಕೆ ಹನ್ನೊಂದು ದಿನ ಇತ್ತು," ಎಂದಳು.

ಮಗಳಿಗೆ ಇದೆಲ್ಲ ಹೊಸತು. ನಾವು ಹೇಳಿರಲಿಲ್ಲ. ಆ ಕಾಲದಲ್ಲಿ ಇವಳು ಬಸುರನ್ನು ದೊಡ್ಡ ಶಾಲಿನಡಿ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಗೊತ್ತಾದರೆ ಇಂಜಿನಿಯರು ಆ ಸಿನಿಮಾವನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತಾನೆಂಬ ಭಯ. ಮನೆಯಲ್ಲಿ ನನ್ನ ತಾಯಿಗೆ, ಸ್ಟುಡಿಯೋದಲ್ಲಿ ಕೂತುಕೊಂಡು ಲೆಕ್ಕ ಬರೆಯುವ ಕೆಲಸವೆಂದು ಹೇಳಿದ್ದಳು. ಮುಚ್ಚಿಟ್ಟು ಮುಚ್ಚಿಟ್ಟು ಅಭ್ಯಾಸವಾಗಿ, ಆ ಸಿನಿಮಾವೆಂದರೆ ಬೂಟು, ಮಗಳೆಂದರೆ ಹೆರಿಗೆ, ಎರಡನ್ನೂ ಕೂಡಿಸಿ ನೋಡುವುದನ್ನೇ ನಾವು ಬಿಟ್ಟಿದ್ದೆವು. ಕಾಲು ಊದಿದ್ದರಿಂದಲೇ ಬೂಟು ಬೇಕಾಯಿತೆಂದು ಕೂಡ ನನಗೆ ಹೊಳೆಯಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದೆನಲ್ಲ, ಪೆದ್ದ! ಒಬ್ಬ ಗಡಿಯಾರದವನಿಗೆ ಇಷ್ಟು ಸರಳವಾದ ಲೆಕ್ಕ ತಿಳಿಯಲು ನಲವತ್ತೆರಡು ವರ್ಷ ಬೇಕಾಯಿತು.

"ಎಲ್ಲರ ಕಣ್ಣಿಗೂ ಮುಚ್ಚಿಟ್ಟಿದ್ದೆ. ಮೈಕು ಮಾತ್ರ ಕಂಡುಹಿಡಿದುಬಿಟ್ಟಿದೆ," ಎಂದು ನನ್ನ ಹೆಂಡತಿ ನಕ್ಕಳು. ನಕ್ಕು ಕಣ್ಣೊರೆಸಿಕೊಂಡಳು. "ಅದು ನಾನೇ ರೀ."

"ನೀನೊಬ್ಬಳೇ ಅಲ್ಲ," ಎಂದಳು ಮಗಳು.

ಶುಕ್ರವಾರ ಮೂವರೂ ಹೋದೆವು. ಮಗಳು ಗಡ್ಡದವನಿಗೆ ಒಂದೇ ಉಸಿರಿನಲ್ಲಿ ಎಲ್ಲ ವಿವರಿಸಿದಳು. ಅವನು ಬಾಯಿ ತೆರೆದುಕೊಂಡು ಕೇಳಿದ. ಎಫೆಕ್ಟ್ಸ್ ಕೋಣೆಯಲ್ಲಿ ಮರಳಿಗೆ ಬರವಿಲ್ಲ, ಮರಳಿನ ಮೇಲೆ ನಡೆಯುವ ದೃಶ್ಯಗಳಿಗಾಗಿ ಚೀಲಗಟ್ಟಲೆ ಇಟ್ಟಿರುತ್ತಾರೆ. ಒಂದು ಚೀಲಕ್ಕೆ ಮರಳು ತುಂಬಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಮಗಳು ಅದನ್ನು ತಾಯಿಯ ಹೊಟ್ಟೆಗೆ ಕಟ್ಟಿದಳು.

"ಇನ್ನೂ ಸ್ವಲ್ಪ ಹಾಕು, ನೀನು ಇದಕ್ಕಿಂತ ಭಾರ ಇದ್ದೆ," ಎಂದಳು ತಾಯಿ.

"ಸುಮ್ನಿರು. ಮಂಡಿ ನೋಡಬೇಕಾದವಳು ನಾನು. ಇಷ್ಟೇ ಸಾಕು, ಕೆಳಗಿಳಿಸಿ ಕಟ್ತೀನಿ. ದಿನ ತುಂಬಿದಾಗ ಹೊಟ್ಟೆ ಇಳಿದಿರುತ್ತೆ. ಈಗ ಒಂದು ಕೈ ಸೊಂಟಕ್ಕೆ ಇಟ್ಕೋ. ಬೆನ್ನು ಹಿಂದಕ್ಕೆ. ಅವಸರ ಮಾಡಬೇಡ, ಒಳಗೆ ನಾನಿದ್ದೀನಿ ಅಂದ್ಕೊಂಡು ಕಾಲಿಡು."

ನನ್ನ ಮಗಳು ನನ್ನ ಹೆಂಡತಿಗೆ ತನ್ನನ್ನು ಹೊತ್ತು ನಡೆಯುವುದು ಹೇಗೆಂದು ಹೇಳಿಕೊಡುತ್ತಿದ್ದಳು. ನಾನು ಮೂಲೆಯ ಸ್ಟೂಲು ಹಿಡಿದು ಕುಳಿತೆ. ಪರದೆಯ ಮೇಲೆ ಹೊಸ ನಾಯಕಿಯ ನೆರಳು ದೀಪದ ಪಕ್ಕ ಇಳಿಯತೊಡಗಿತು. ನನ್ನ ಹೆಂಡತಿ ಹಲಗೆಯ ಮೇಲೆ ಹೆಜ್ಜೆಯಿಟ್ಟಳು. ಮೊದಲನೆಯ ಹೆಜ್ಜೆಗೇ ಗಡ್ಡದವನು ಕಿವಿಯ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಹದಿಮೂರು ಮುಗಿಯುವ ತನಕ ಕೈ ತೆಗೆಯಲಿಲ್ಲ. ಆಮೇಲೆ ಅವನು ಹಳೆಯದನ್ನು ಕೇಳಿಸಿದ, ಹೊಸದನ್ನು ಕೇಳಿಸಿದ. ಯಾವುದು ಯಾವುದೆಂದು ಮಳೆಯೊಂದರಿಂದ ಮಾತ್ರ ತಿಳಿಯುತ್ತಿತ್ತು. ಅವನು ಎದ್ದು ಬಂದು, "ಅಮ್ಮಾ, ಅವತ್ತು ನಾನು ಹಾಗೆ ಕೇಳಬಾರದಿತ್ತು," ಎಂದು ಅವಳ ಕಾಲ ಬಳಿ ಕುಳಿತು ತಾನೇ ಬೂಟಿನ ಲಾಡಿ ಬಿಚ್ಚಿದ.

"ಕೇಳಿದ್ದೇ ಒಳ್ಳೇದಾಯ್ತು ಬಿಡಪ್ಪ. ಹುಷಾರು, ಆ ಬೂಟಿಗೆ ಏನಾದ್ರೂ ಆದ್ರೆ ಈ ಯಜಮಾನ್ರು ಮಾತು ಬಿಡ್ತಾರೆ," ಎಂದಳು ಅವಳು.

ನಿರ್ದೇಶಕಿ ಕಾಗದ ತಂದು ಹೆಸರು ಸರಿಯಾಗಿ ಬರೆದುಕೊಡಿ ಎಂದಳು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಬರೆದಳು. ಬರೆದು, ಅದರ ಕೆಳಗೆ ಇನ್ನೊಂದು ಸಾಲು ಬರೆದಳು. ಮಗಳು ಬಗ್ಗಿ ನೋಡಿ, "ಅಮ್ಮಾ, ಇದೇನಿದು!" ಎಂದು ಕಾಗದ ಕಿತ್ತುಕೊಳ್ಳಲು ಹೋದಳು. ತಾಯಿ ಕೊಡಲಿಲ್ಲ.

ಎಂಟನೇ ಕಂತು ಬಂದದ್ದು ಒಂದು ಭಾನುವಾರ ಸಂಜೆ. ಮೂವರೂ ಟಿವಿ ಮುಂದೆ ಕುಳಿತಿದ್ದೆವು. ಕೆಳಗಿನ ಮನೆಯವರೂ ಬಂದಿದ್ದರು. ಮೂರು ದಿನದ ಪೆರೇಡು ಸಹಿಸಿದ್ದಕ್ಕೆ ಅವರಿಗೂ ಹಕ್ಕಿತ್ತು. ಕಥೆ ನನಗೆ ಅಷ್ಟಾಗಿ ತಿಳಿಯಲಿಲ್ಲ. ಬಾಗಿಲು ಬಡಿದ ಸದ್ದಾಯಿತು, ದೀಪ ಕಂಡಿತು, ನೆರಳು ಬಂತು. ನನ್ನ ಹೆಂಡತಿ ಎಂದಿನಂತೆ ಕಣ್ಣು ಮುಚ್ಚಿದಳು. ಕೋಣೆಯ ತುಂಬ ನನ್ನ ಬೂಟು ಇಳಿದುಬಂತು. ಹದಿಮೂರನೆಯ ಹೆಜ್ಜೆಯಾದ ಮೇಲೆ ಕೆಳಮನೆಯ ಹೆಂಗಸು, "ಪಾಪ, ಎಷ್ಟು ಭಾರ ಹೊತ್ಕೊಂಡು ಬರ್ತಿದ್ದಾಳೆ ನೋಡಿ," ಎಂದಳು. ಮಗಳು ನನ್ನತ್ತ ನೋಡಿ ತುಟಿ ಕಚ್ಚಿಕೊಂಡಳು.

ಕಂತು ಮುಗಿದು ಹೆಸರುಗಳು ಓಡತೊಡಗಿದವು. ನಾನು ಅಭ್ಯಾಸಬಲದಿಂದ ಅವಳಿಗೆ ದಾರಿ ಬಿಡಲು ಕಾಲು ಮಡಚಿದೆ. ಅವಳು ಏಳಲಿಲ್ಲ. ಕಣ್ಣು ತೆರೆದು, ಕುರ್ಚಿಯ ಕೈ ಹಿಡಿದು, ಒಂದೊಂದೇ ಹೆಸರನ್ನು ತುಟಿಯಲ್ಲೇ ಓದುತ್ತಾ ಕುಳಿತಳು. ಬಟ್ಟೆ, ಬಣ್ಣ, ದೀಪ, ಊಟ. ಆಮೇಲೆ 'ಹೆಜ್ಜೆಗಳು' ಎಂದು ಬಂತು. ಅದರ ಕೆಳಗೆ ಎರಡು ಹೆಸರು, ಒಂದರ ಕೆಳಗೊಂದು, ತಾಯಿಯದು ಮೇಲೆ, ಮಗಳದು ಕೆಳಗೆ. ಒಂದು ಗಳಿಗೆ ನಿಂತು ಮೇಲಕ್ಕೆ ಸರಿದುಹೋದವು.

ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ ಬಂತು.

"ಒಲೆ ಮೇಲೆ ಹಾಲಿಟ್ಟಿದ್ದೆ," ಎಂದಳು ನನ್ನ ಹೆಂಡತಿ. ಹೇಳಿದಳು, ಆದರೆ ಕೊನೆಯ ಹೆಸರು ಹೋಗುವ ತನಕ ಕೂತಲ್ಲಿಂದ ಏಳಲಿಲ್ಲ.